ಹತ್ತನೇ ತಲೆ

ಸುಧಾರಣೆ ಎನ್ನುವುದು ನಮ್ಮ ಶಾಲೆಗೆ ಯಾವಾಗಲೂ ಬಸ್ಸಿನಲ್ಲಿ ಬಂದ ಹಾಗೆ ಬರುತ್ತಿತ್ತು, ಸ್ವಲ್ಪ ತಡವಾಗಿ, ಸ್ವಲ್ಪ ನಜ್ಜುಗುಜ್ಜಾಗಿ. ಬಂದಿಳಿದ ಮೇಲೆ ಏನಾದರೊಂದು ಆಗದೆ ಇರುತ್ತಿರಲಿಲ್ಲ. ನಿವೃತ್ತನಾಗಿ ಕುಶಾಲನಗರದಲ್ಲಿ ನೆಲೆಸಿದ ಮೇಲೆ ಬೆಳಿಗ್ಗೆ ವಾಕಿಂಗಿಗೆ ಬರುವವರಿಗೆಲ್ಲ ಈ ಪ್ರಸಂಗಗಳನ್ನು ಹೇಳುತ್ತಾ ಬಂದೆ. ಈಗ ಅವರೆಲ್ಲ ಬೇರೆ ದಾರಿಯಲ್ಲಿ ನಡೆಯುತ್ತಿದ್ದಾರೆ. ಹಾಗಾಗಿ ಬರೆದಿಡುತ್ತಿದ್ದೇನೆ.

ಶಾಲೆ ಇದ್ದದ್ದು ಸಿದ್ದಾಪುರದಿಂದ ಒಳಗೆ, ಕಾಫಿ ಎಸ್ಟೇಟುಗಳ ನಡುವೆ. ಒಂದರಿಂದ ಐದನೇ ತರಗತಿ. ಮುಖ್ಯ ಶಿಕ್ಷಕ ನಾನು. ಶಿಕ್ಷಕರು ಅಂತ ಇನ್ನೊಬ್ಬರು ಟೀಚರ್, ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು. ಮಕ್ಕಳು ಹನ್ನೊಂದು. ಎಲ್ಲರೂ ಲೈನಿನವರು, ಅಂದರೆ ಎಸ್ಟೇಟಿನ ಕಾರ್ಮಿಕರ ಸಾಲುಮನೆಗಳವರು. ಮನೆಯಲ್ಲಿ ತಮಿಳು, ಮಲಯಾಳ, ಉರ್ದು, ತುಳು. ಜಗಳಕ್ಕೆ ಮಾತ್ರ ಎಲ್ಲರಿಗೂ ಕನ್ನಡ.

ನನ್ನ ಸರ್ವಿಸ್ಸಿನ ಕೊನೆಯ ವರ್ಷ ಒಂದು ಮಾತು ಬಂತು. ಹತ್ತಕ್ಕಿಂತ ಕಡಿಮೆ ಮಕ್ಕಳು ಬರುವ ಶಾಲೆಯನ್ನು ದೊಡ್ಡ ಶಾಲೆಗೆ ಸೇರಿಸುತ್ತಾರಂತೆ. ದೊಡ್ಡ ಶಾಲೆಯಲ್ಲಿ ಎಲ್ಲ ಇತ್ತು, ಕಂಪ್ಯೂಟರೂ ಇತ್ತು. ಆದರೆ ನಾಲ್ಕು ಕಿಲೋಮೀಟರ್ ದೂರ, ದಾರಿಯಲ್ಲಿ ಮೂರು ಕಡೆ ಆನೆ ದಾಟುವ ಜಾಗ. ಈ ಸುದ್ದಿಯನ್ನು ಪೋಷಕರ ಸಭೆಯಲ್ಲಿ ಓದಿ ಹೇಳಿದಾಗ ಮೂರನೇ ತರಗತಿಯ ಒಬ್ಬ ಹುಡುಗಿಯ ಅಜ್ಜಿ ಎದ್ದು ನಿಂತರು. ಹುಡುಗಿಯ ಅಪ್ಪ ಅಮ್ಮ ಕೇರಳದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಸಾಕುತ್ತಿದ್ದದ್ದು ಈ ಅಜ್ಜಿ. ಎಪ್ಪತ್ತರ ಹತ್ತಿರವಾದರೂ ಪಿಕ್ಕಿಂಗ್, ಅಂದರೆ ಕಾಫಿ ಹಣ್ಣು ಕೊಯ್ಯುವುದು, ಬಿಟ್ಟಿರಲಿಲ್ಲ.

"ಆ ದಾರೀಲಿ ನಾನು ಮಗೂನ ಕಳಿಸಲ್ಲ ಮೇಷ್ಟ್ರೇ. ಈ ಶಾಲೆ ಹೋದ್ರೆ ಅವಳು ನನ್ನ ಜೊತೆ ತೋಟಕ್ಕೆ ಬರ್ತಾಳೆ. ಅಷ್ಟೇ."

ಬೆದರಿಕೆಯಲ್ಲ, ಬರೀ ಮಾಹಿತಿ. ಹೇಳಿ ಕೂತುಬಿಟ್ಟರು. ಆ ವರ್ಷ ನಡೆದದ್ದೆಲ್ಲ ನಡೆದದ್ದು ಈ ಮಾತಿನ ನೆರಳಿನಲ್ಲಿ. ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ನಾನು ಬರೀ ನಗುತ್ತಿದ್ದೆ ಅಂತ ಯಾರೂ ತಿಳಿಯಬಾರದು.

ಪಟ್ಟಿಯಲ್ಲಿ ಆನೆ ಇಲ್ಲ

ಮೊದಲು ಬಂದದ್ದು ಶಿಕ್ಷಕರ ಹಾಜರಿಯ ಆ್ಯಪ್. ಒಂಬತ್ತೂವರೆಯೊಳಗೆ ಶಾಲೆಯ ಅಂಗಳದಲ್ಲಿ ನಿಂತು ಫೋನಿಗೆ ಮುಖ ತೋರಿಸಬೇಕು. ತಡವಾದರೆ ಅದೇ ಒಂದು ಪಟ್ಟಿ ತೆರೆದು ಕಾರಣ ಕೇಳುತ್ತದೆ. ಒಂದನ್ನು ಒತ್ತಬೇಕು.

ಒಂದು ದಿನ ಎಸ್ಟೇಟ್ ರಸ್ತೆಯ ತಿರುವಿನಲ್ಲಿ ಆನೆ ನಿಂತಿತ್ತು, ಜೊತೆಗೆ ಈಗಷ್ಟೇ ಹುಟ್ಟಿದ ಮರಿ. ಮರಿಗೆ ಕಾಲು ನೆಟ್ಟಗಾಗುವವರೆಗೆ ತಾಯಿ ಕದಲುವುದಿಲ್ಲ, ತಾಯಿ ಕದಲುವವರೆಗೆ ನಾವು ಕದಲುವ ಹಾಗಿಲ್ಲ. ಬಾಡಿಗೆ ಜೀಪಿನಲ್ಲಿದ್ದ ನಾವೆಲ್ಲ ಇಂಜಿನ್ ಆರಿಸಿ ಕೂತೆವು. ಶಾಲೆ ಮುಟ್ಟಿದಾಗ ಹನ್ನೊಂದು.

ಆ್ಯಪ್ ಕಾರಣ ಕೇಳಿತು. ಅನಾರೋಗ್ಯ, ಕೌಟುಂಬಿಕ ಕಾರಣ, ಇಲಾಖಾ ಕರ್ತವ್ಯ, ಹೆರಿಗೆ. ಮುಗಿಯಿತು. ಇತರೆ ಎನ್ನುವುದೂ ಇರಲಿಲ್ಲ. ಯಾವುದು ಹತ್ತಿರ ಅಂತ ಟೀಚರನ್ನು ಕೇಳಿದೆ. ಅವರು ಬಹಳ ಹೊತ್ತು ಗಂಭೀರವಾಗಿ ಯೋಚಿಸಿ, ನಡೆದದ್ದನ್ನು ನೋಡಿದರೆ ಹೆರಿಗೆಯೇ ಹತ್ತಿರ ಸಾರ್, ಎಂದರು. ತಮಾಷೆಗೆ ಹೇಳಿದ್ದು. ನಾನು ಇಲಾಖಾ ಕರ್ತವ್ಯ ಒತ್ತಲು ಹೋದೆ, ಹೆಬ್ಬೆರಳು ದಪ್ಪ, ಕೆಳಗಿನದ್ದು ಒತ್ತಿಹೋಯಿತು. ಒಮ್ಮೆ ಕಳಿಸಿದ್ದನ್ನು ಬದಲಾಯಿಸಲಾಗದು ಎಂದು ಪರದೆಯ ಮೇಲೆ ಬಂತು.

ವಾರ ಕಳೆದ ಮೇಲೆ ಕಚೇರಿಯಿಂದ ಸಂದೇಶ, ಮಗುವಿನ ಜನನದ ದಾಖಲೆ ಸಲ್ಲಿಸಬೇಕಂತೆ. ನನಗೆ ಆಗ ಐವತ್ತೊಂಬತ್ತು. ಗೌರವಪೂರ್ವಕವಾಗಿ ಉತ್ತರ ಬರೆದೆ: ಮಗು ಆರೋಗ್ಯವಾಗಿದೆ, ತಾಯಿಯ ಜೊತೆ ಪಕ್ಕದ ತೋಟಕ್ಕೆ ಹೋಗಿದೆ, ದಾಖಲೆ ತರಲು ಹತ್ತಿರ ಹೋಗುವ ಧೈರ್ಯ ನಮಗಿಲ್ಲ.

ಬದಲಿ

ಎಸ್ಟೇಟಿನಲ್ಲಿ ಬೆಳಿಗ್ಗೆ ರೈಟರ್ ಪುಸ್ತಕ ಹಿಡಿದು ಹೆಸರು ಕೂಗುತ್ತಾರೆ. ಒಂದು ಮನೆಯಿಂದ ಮೂರು ಆಳು ಅಂತ ಬರೆದಿದ್ದರೆ ಮೂರು ಆಳು ನಿಂತಿರಬೇಕು. ಯಾರಿಗಾದರೂ ಜ್ವರ ಬಂದರೆ ಅದೇ ಮನೆಯ ಇನ್ನೊಬ್ಬರು ಬದಲಿ ಬರುತ್ತಾರೆ. ಅಣ್ಣನ ಹೆಸರಿಗೆ ಅತ್ತಿಗೆ ಹಾಜರ್ ಎನ್ನುವುದುಂಟು. ರೈಟರ್ ತಲೆಯೆತ್ತಿ ನೋಡುವುದಿಲ್ಲ, ಮನೆಯ ಲೆಕ್ಕ ಸರಿಯಾದರೆ ಆಯಿತು.

ಇದು ನಮ್ಮ ಮಕ್ಕಳಿಗೆ ಹುಟ್ಟಿನಿಂದ ಗೊತ್ತು. ನಾನು ಆ ಶಾಲೆಗೆ ಬಂದ ಹೊಸದರಲ್ಲಿ ಹೆಸರು ಕೂಗುವಾಗ ಒಂದನೇ ತರಗತಿಯ ಹುಡುಗಿಗೆ ಹಾಜರ್ ಎಂದು ಉತ್ತರ ಬಂತು, ಹುಡುಗಿ ಮಾತ್ರ ಕಾಣಲಿಲ್ಲ. ಕೂಗಿದ್ದು ನಾಲ್ಕನೇ ತರಗತಿಯಲ್ಲಿದ್ದ ಅಕ್ಕ. ತಂಗಿಗೆ ಹೊಟ್ಟೆನೋವು, ನಾನು ಬದಲಿ, ಎಂದಳು. ಹಾಗೆಲ್ಲ ಆಗುವುದಿಲ್ಲ ಎಂದು ತಿಳಿಹೇಳಿದೆ. ತಲೆಯಾಡಿಸಿದಳು. ತಲೆಯಾಡಿಸುತ್ತಲೇ ತಂಗಿಯ ಸ್ಲೇಟು ತೆಗೆದು ಅದರಲ್ಲಿ ಅ ಆ ಇ ಈ ತಿದ್ದಿದಳು, ತಂಗಿಯ ಪಾಲಿನ ಪದ್ಯ ಹೇಳಿದಳು, ಮಧ್ಯಾಹ್ನ ತಂಗಿಯ ತಟ್ಟೆಯನ್ನೂ ಹಿಡಿದು ಸಾಲಿನಲ್ಲಿ ನಿಂತಳು. ಮೊಟ್ಟೆಯ ದಿನ.

ತಂಗಿಯ ಮೊಟ್ಟೆ ಮನೆಗೆ ಒಯ್ಯುತ್ತೀಯಾ ಎಂದು ಕೇಳಿದೆ.

"ಇಲ್ಲ ಸಾರ್," ಅಂದಳು, ಕಾನೂನು ಗೊತ್ತಿಲ್ಲದವನಿಗೆ ಹೇಳುವ ಹಾಗೆ. "ಕೆಲಸ ಮಾಡಿದ್ದು ಬದಲಿಯವರು."

ಮಕ್ಕಳ ಜೊತೆ ಹೆಚ್ಚು ಹೊತ್ತು

ಆಮೇಲೆ ಆನ್‌ಲೈನ್ ತರಬೇತಿ ಬಂತು. ನಮ್ಮ ಶಾಲೆಯಲ್ಲಿ ವಿಡಿಯೋ ಓಡುವಷ್ಟು ನೆಟ್‌ವರ್ಕ್ ಸಿಗುತ್ತಿದ್ದದ್ದು ಒಂದೇ ಕಡೆ, ಮೇಲೆ ಎಸ್ಟೇಟಿನ ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ. ನಾನೂ ಟೀಚರೂ ಸರದಿಯ ಮೇಲೆ ಅಲ್ಲಿಗೆ ಹತ್ತಿ, ಕೊಡೆ ಬಿಚ್ಚಿ, ವಿಡಿಯೋ ನೋಡಿ, ಪ್ರಶ್ನೆಗೆ ಉತ್ತರ ಒತ್ತಿ ಬರಬೇಕಾಗಿತ್ತು. ವಿಡಿಯೋ ನಡುನಡುವೆ ನಿಂತು ಮೊದಲಿಂದ ಶುರುವಾಗುತ್ತಿತ್ತು. ಐದು ದಿನದ ತರಬೇತಿ ಒಂಬತ್ತು ದಿನ ಹಿಡಿಯಿತು. ಅಷ್ಟು ದಿನವೂ ಇಬ್ಬರಲ್ಲಿ ಒಬ್ಬರು ಕಣದಲ್ಲಿ, ಕೆಳಗೆ ಐದು ತರಗತಿಗೆ ಒಬ್ಬರು.

ಕೊನೆಗೆ ಪ್ರಮಾಣಪತ್ರ ಬಂತು. ಟೀಚರ್ ಅದನ್ನು ಗಟ್ಟಿಯಾಗಿ ಓದಿದರು. ತರಬೇತಿಯ ವಿಷಯ, ತರಗತಿಯಲ್ಲಿ ಮಕ್ಕಳೊಂದಿಗೆ ಹೆಚ್ಚು ಸಮಯ ಕಳೆಯುವುದು ಹೇಗೆ. ಅದನ್ನು ಲ್ಯಾಮಿನೇಟ್ ಮಾಡಿಸಿ ಕಣದ ಕಡೆ ಮುಖ ಮಾಡಿ ತೂಗುಹಾಕಿದೆವು.

ಅರವತ್ತೆರಡು ಕೆ.ಜಿ.

ಕಲಿಕಾ ಮೌಲ್ಯಮಾಪನ ಅಂತ ಮಾಡಿದರು. ಹೊರಗಿನವರು ಬಂದು ಮಕ್ಕಳಿಗೆ ಪ್ರಶ್ನೆಪತ್ರಿಕೆ ಕೊಟ್ಟು, ಉತ್ತರವನ್ನು ತಾವೇ ಫೋನಿಗೆ ತುಂಬಿಸಿಕೊಂಡು ಹೋಗುವುದು. ಪ್ರಶ್ನೆಗಳು ಮಕ್ಕಳ ಪರಿಸರಕ್ಕೆ ಹತ್ತಿರವಿರಬೇಕು ಎನ್ನುವುದೂ ಒಂದು ಸುಧಾರಣೆ. ಒಳ್ಳೆಯ ಸುಧಾರಣೆಯೇ. ಹಾಗಾಗಿ ಮೂರನೇ ತರಗತಿಗೆ ಲೆಕ್ಕ ಹೀಗೆ ಬಂತು: ಒಬ್ಬ ಕಾರ್ಮಿಕ ಮಹಿಳೆ ಗಂಟೆಗೆ ಹತ್ತು ಕೆ.ಜಿ. ಕಾಫಿ ಹಣ್ಣು ಕೊಯ್ದರೆ ಎಂಟು ಗಂಟೆಯಲ್ಲಿ ಎಷ್ಟು?

ಅಜ್ಜಿಯ ಮೊಮ್ಮಗಳು ಅರವತ್ತೆರಡು ಎಂದು ಬರೆದಳು. ಉತ್ತರ ಎಂಬತ್ತು. ತಪ್ಪು. ಇನ್ನೂ ಇಂಥವು ಎರಡು ತಪ್ಪಾಗಿ, ಹುಡುಗಿ ಕಲಿಕೆಯ ಕೆಳಗಿನ ಹಂತದಲ್ಲಿದ್ದಾಳೆ ಅಂತ ಬಂತು. ಶಾಲೆ ಸೇರಿಸುವ ಮಾತು ನಡೆಯುವಾಗ ಇಂಥ ಕಾಗದ ಒಳ್ಳೆಯದಲ್ಲ. ನನಗೆ ನಿಜಕ್ಕೂ ಭಯವಾಯಿತು. ಅವಳನ್ನು ಕರೆದು, ಹತ್ತೆಂಟಲೆ ಎಷ್ಟು ಎಂದು ಕೇಳಿದೆ. ಕಣ್ಣು ಮಿಟುಕಿಸದೆ ಎಂಬತ್ತು ಎಂದಳು. ಮತ್ತೆ ಯಾಕಮ್ಮ ಅರವತ್ತೆರಡು?

ಅವಳು ಬೆರಳು ಮಡಚುತ್ತಾ ಹೇಳಿದಳು. ಊಟಕ್ಕೆ ಕೂತ ಹೊತ್ತು ಹೋಯಿತು. ಮಧ್ಯಾಹ್ನ ಕೈ ನಿಧಾನವಾಗುತ್ತದೆ. ತೋಟದ ಕೆಳಗಿನ ಬ್ಲಾಕಿನಿಂದ ಚೀಲ ಹೊತ್ತು ತೂಕದ ಜಾಗಕ್ಕೆ ಹತ್ತಬೇಕು, ಅದೂ ಹೋಯಿತು. ಹಸಿರು ಕಾಯಿ ಬಿದ್ದಿದ್ದರೆ ರೈಟರ್ ತೆಗೆಸುತ್ತಾರೆ. ಎಲ್ಲ ತೆಗೆದರೆ ಅರವತ್ತೆರಡು.

ಸಂಜೆ ಅಜ್ಜಿ ಸಿಕ್ಕಿದಾಗ ಇದನ್ನು ಹೇಳಿದೆ. ಅವರು ಮೊಮ್ಮಗಳ ಕಡೆ ತಿರುಗಿ ಗದರಿದರು.

"ಜಾಸ್ತಿ ಬರೆದಿದ್ದೀಯ. ಐವತ್ತೈದು ದಾಟಲ್ಲ. ಎಂಬತ್ತು ಅಂದೋರನ್ನ ಒಂದು ದಿನ ನಮ್ಮ ಬ್ಲಾಕಿಗೆ ಕಳಿಸಿ ಮೇಷ್ಟ್ರೇ, ಚೀಲ ನಾನೇ ಕೊಡ್ತೀನಿ."

ತಲೆವಸ್ತ್ರ

ಕೊನೆಗೆ ಮಕ್ಕಳಿಗೂ ಮುಖದ ಹಾಜರಿ ಬಂತು. ಮೊದಲು ಪ್ರತಿ ಮಗುವಿನ ಮುಖವನ್ನು ಆ್ಯಪ್‌ಗೆ ಪರಿಚಯ ಮಾಡಿಸಬೇಕು. ಆಮೇಲೆ ದಿನಾ ಫೋನ್ ಹಿಡಿದರೆ ಹೊಂದಿದ ಮುಖಕ್ಕೆ ಹಸಿರು, ಹೊಂದದ ಮುಖಕ್ಕೆ ಕೆಂಪು. ಪರಿಚಯ ಮಾಡಿಸಿದ ದಿನ ಸೋನೆ ಮಳೆ. ಅಜ್ಜಿಯ ಮೊಮ್ಮಗಳು ಅಜ್ಜಿ ಪಿಕ್ಕಿಂಗಿಗೆ ಕಟ್ಟುವ ತಲೆವಸ್ತ್ರವನ್ನೇ ಕಟ್ಟಿಕೊಂಡು ಬಂದಿದ್ದಳು, ಕೆಂಪು ಚೌಕಳಿಯದ್ದು, ಹುಬ್ಬಿನವರೆಗೆ ಇಳಿಸಿ, ಕಿವಿ ಮುಚ್ಚಿ, ಗಲ್ಲದ ಕೆಳಗೆ ಗಂಟು. ಬಿಚ್ಚಿಸಿದರೆ ನೆಗಡಿಯಾದೀತು ಎಂದು ಹಾಗೇ ತೆಗೆದೆವು.

ಆ ದಸರಾ ರಜೆಯಲ್ಲಿ ಅಜ್ಜಿ ಹರಕೆ ತೀರಿಸಲು ತಮಿಳುನಾಡಿಗೆ ಹೋಗಿ ಮೊಮ್ಮಗಳ ಮುಡಿ ಕೊಡಿಸಿಕೊಂಡು ಬಂದರು. ಶಾಲೆ ತೆರೆದಾಗ ಹುಡುಗಿ ನುಣ್ಣಗಿನ ತಲೆಯಲ್ಲಿ ಬಂದಳು. ಆ್ಯಪ್ ಕೆಂಪು ತೋರಿಸಿತು. ಬೆಳಕಿಗೆ ನಿಲ್ಲಿಸಿದೆವು, ಕೆಂಪು. ನಗಿಸಿದೆವು, ಕೆಂಪು. ಸಹಾಯವಾಣಿಯವರು ಮಗು ನಿಜವಾಗಿ ಶಾಲೆಯಲ್ಲಿದೆಯೇ ಎಂದು ಕೇಳಿದರು. ನನ್ನ ಎದುರಿಗೇ ಇದೆ ಎಂದೆ. ವ್ಯವಸ್ಥೆಯ ಪ್ರಕಾರ ಇಲ್ಲ ಸಾರ್, ಎಂದರು. ಎಂಟು ದಿನ ಹುಡುಗಿ ಮಗ್ಗಿ ಹೇಳಿದಳು, ಊಟ ಮಾಡಿದಳು, ಕುಂಟೆಬಿಲ್ಲೆಯಲ್ಲಿ ಗೆದ್ದಳು, ಒಂದು ದಿನವೂ ಶಾಲೆಗೆ ಬರಲಿಲ್ಲ.

ದಾರಿ ಕಂಡುಹಿಡಿದದ್ದು ಟೀಚರ್. ಅಜ್ಜಿಯ ತಲೆವಸ್ತ್ರ ತರಿಸಿ, ಹಳೆಯ ಫೋಟೋದಲ್ಲಿದ್ದ ಹಾಗೇ ಕಟ್ಟಿದರು. ಹಸಿರು. ಅಂದಿನಿಂದ ಆ ಬಟ್ಟೆ ಬೆಳಿಗ್ಗೆ ಶಾಲೆಯಲ್ಲಿ ಹಾಜರಿಗೆ, ಆಮೇಲೆ ತೋಟದಲ್ಲಿ ಅಜ್ಜಿಯ ತಲೆಗೆ. ಹಾಜರಿ ಮುಗಿದ ಕೂಡಲೇ ಹುಡುಗಿ ಅದನ್ನು ಹಿಡಿದು ಬೇಲಿಯವರೆಗೆ ಓಡುತ್ತಿದ್ದಳು, ಅಜ್ಜಿ ಆಚೆ ನಿಂತಿರುತ್ತಿದ್ದರು. ನಮ್ಮ ಶಾಲೆಯಲ್ಲಿ ಹಾಜರಿ ತಪ್ಪದೆ ಬಂದದ್ದು ನಿಜಕ್ಕೂ ಆ ಬಟ್ಟೆ.

ಎಣಿಕೆ

ನಾನು ನಿವೃತ್ತನಾಗಲು ಎರಡು ತಿಂಗಳು ಇದ್ದಾಗ ಸಂದೇಶ ಬಂತು. ನಾಳೆ ಅಧಿಕಾರಿ ಬರುತ್ತಾರೆ, ಅವರ ಫೋನಿನಲ್ಲಿ ಹಸಿರು ಬಿದ್ದ ತಲೆ ಮಾತ್ರ ಲೆಕ್ಕ. ಹತ್ತು ಇರಬೇಕು.

ಲೈನಿನಲ್ಲಿ ಮಂಗನಬಾವು ಎದ್ದಿತ್ತು. ಅಜ್ಜಿಯ ಮೊಮ್ಮಗಳಿಗೂ ಎರಡನೇ ತರಗತಿಯ ಒಬ್ಬ ಹುಡುಗನಿಗೂ ಕೆನ್ನೆ ಊದಿ ಜ್ವರ. ಉಳಿದದ್ದು ಒಂಬತ್ತು. ಸಂಜೆ ಇಬ್ಬರ ಮನೆಗೂ ಹೋಗಿ, ಯಾವ ಕಾರಣಕ್ಕೂ ಮಕ್ಕಳನ್ನು ಕಳಿಸಬೇಡಿ, ಉಳಿದವರಿಗೂ ಅಂಟುತ್ತದೆ ಎಂದೆ. ಹೇಳಿ ಸುಮ್ಮನಾಗಬೇಕಿತ್ತು. ನಾಳೆ ತಲೆ ಎಣಿಸುತ್ತಾರೆ, ಒಂದು ತಲೆ ಕಡಿಮೆ ಬಿದ್ದು ಶಾಲೆ ಹೋಗುತ್ತದೆ ಎಂದುಬಿಟ್ಟೆ. ಅಜ್ಜಿ ಮೊಮ್ಮಗಳ ಕೆನ್ನೆಗೆ ಬಿಸಿ ಬಟ್ಟೆ ಒತ್ತುತ್ತಿದ್ದರು. ಕಡಿಮೆ ಬೀಳದ ಹಾಗೆ ನೋಡಿಕೊಳ್ಳೋಣ, ನೀವು ಹೋಗಿ ಊಟ ಮಾಡಿ ಮೇಷ್ಟ್ರೇ, ಎಂದರು. ಸಮಾಧಾನಕ್ಕೆ ಹೇಳಿದ್ದು ಅಂದುಕೊಂಡೆ.

ಮರುದಿನ ಸಿದ್ದಾಪುರದ ದಾರಿಯಲ್ಲಿ ನಿಂತು ಅಧಿಕಾರಿಯನ್ನು ಕರೆದುಕೊಂಡು ಬಂದೆ. ತರಗತಿಯ ಬಾಗಿಲಿಗೆ ಬಂದೆವು. ಪುಟ್ಟ ಮಕ್ಕಳ ದುಂಡು ಮೇಜಿನ ಸುತ್ತ, ಬಣ್ಣದ ಪುಟ್ಟ ಕುರ್ಚಿಗಳಲ್ಲಿ, ಮೊಮ್ಮಗಳ ಜಾಗದಲ್ಲಿ ಅಜ್ಜಿ ಕೂತಿದ್ದರು, ತಲೆವಸ್ತ್ರ ಕಟ್ಟಿಕೊಂಡು. ಅವರ ಪಕ್ಕ ಎರಡನೇ ತರಗತಿಯ ಹುಡುಗನ ಚಿಕ್ಕಪ್ಪ, ಎಸ್ಟೇಟಿನ ಟ್ರಾಕ್ಟರ್ ಓಡಿಸುವವರು, ಮೊಣಕಾಲು ಕಿವಿಗೆ ತಾಗುವ ಹಾಗೆ ಮುದುಡಿಕೊಂಡು. ಇಬ್ಬರ ಎದುರಿಗೂ ಸ್ಲೇಟು. ಮಕ್ಕಳೆಲ್ಲ ಎದ್ದು ರಾಗವಾಗಿ ನಮಸ್ತೇ ಸಾರ್ ಎಂದರು. ಅವರಿಬ್ಬರೂ ಎದ್ದು ಹಾಗೆಯೇ ಎಂದರು. ಟೀಚರ್ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು.

ಅಧಿಕಾರಿ ಒಳ್ಳೆಯವರೇ. ಆದರೆ ಆ ದಿನಕ್ಕೆ ಅದು ಅವರ ನಾಲ್ಕನೇ ಶಾಲೆ. ಫೋನ್ ಹಿಡಿದು ಸಾಲಾಗಿ ಬಂದರು, ಕಣ್ಣು ಪರದೆಯ ಮೇಲೆ. ಹಸಿರು, ಹಸಿರು, ಹಸಿರು. ಒಂಬತ್ತಾಯಿತು. ಅಜ್ಜಿಯ ಮುಂದೆ ಫೋನ್ ಬಂತು. ಅಜ್ಜಿ ಗಲ್ಲ ಎತ್ತಿ ಕೊಟ್ಟರು. ಫೋನ್ ಒಂದು ಕ್ಷಣ ಯೋಚಿಸಿತು. ಹಸಿರು. ಹುಡುಗಿಯ ಹೆಸರು, ತರಗತಿ ಮೂರು, ವಯಸ್ಸು ಎಂಟು.

ಮುಂದಿನದು ಚಿಕ್ಕಪ್ಪ. ಕೆಂಪು. ಮತ್ತೆ ಹಿಡಿದರು, ಕೆಂಪು. ಮೂರನೇ ಸಲ ಕೆಂಪು ಬಂದಾಗ ಅಧಿಕಾರಿ ಮೊದಲ ಬಾರಿಗೆ ತಲೆಯೆತ್ತಿ ಮಗುವಿನ ಮುಖ ನೋಡಿದರು. ಮೀಸೆ ಕಂಡಿತು. ಬಹಳ ನಿಧಾನವಾಗಿ ಹಿಂದಿನ ಕುರ್ಚಿಯ ಕಡೆ ತಿರುಗಿದರು.

"ನೀವು ಯಾರಮ್ಮ?"

"ಮೊಮ್ಮಗಳಿಗೆ ಮಂಗನಬಾವು ಸಾಮಿ. ನಾನು ಬದಲಿ."

ಶಾಲೆಗೆ ಹಾಗೆಲ್ಲ ಬದಲಿ ಬರುವ ಹಾಗಿಲ್ಲ ಎಂದರು ಅಧಿಕಾರಿ, ದನಿ ಸ್ವಲ್ಪ ಸೋತಿತ್ತು.

"ಕಲಿಯೋಕೆ ಬದಲಿ ಬರೋಕಾಗಲ್ಲ, ಅದು ನನಗೂ ಗೊತ್ತು," ಎಂದರು ಅಜ್ಜಿ. "ಇವತ್ತು ಕಲಿಯೋ ದಿನ ಅಲ್ವಲ್ಲ ಸಾಮಿ. ಎಣಿಸೋ ದಿನ."

ಅಧಿಕಾರಿ ಆ ಹಸಿರನ್ನು ಅಳಿಸಲು ನೋಡಿದರು. ಒತ್ತಿದರು, ಎಳೆದರು, ಫೋನ್ ಆರಿಸಿ ಹಚ್ಚಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ಅನುಭವದಿಂದ ಹೇಳಿದೆ, "ಅದು ಹೋಗಲ್ಲ ಸಾರ್. ನನ್ನ ಹೆರಿಗೆ ಇನ್ನೂ ಹಾಗೇ ಇದೆ."

"ಓ," ಎಂದರು ಅವರು. "ಅದು ನೀವೇನಾ?"

ಕೂತು ನೀರು ಕುಡಿದರು. ಆಮೇಲೆ ಕಾಯಿಲೆಯ ಮಕ್ಕಳನ್ನು ನೋಡಬೇಕು ಎಂದರು. ಲೈನಿಗೆ ಕರೆದುಕೊಂಡು ಹೋದೆ. ಬಾಗಿಲಾಚೆ ನಿಂತು ನೋಡಿದರು. ಊದಿದ ಕೆನ್ನೆ, ಆಗಷ್ಟೇ ಚಿಗುರುತ್ತಿದ್ದ ಕೂದಲು; ಹುಡುಗಿ ಹೊದಿಕೆಯೊಳಗಿನಿಂದಲೇ ನಮಸ್ತೇ ಸಾರ್ ಎಂದು, ನನ್ನ ಕಡೆ ತಿರುಗಿ, ಅಜ್ಜಿಗೆ ಹಸಿರು ಬಂತಾ ಎಂದು ಕೇಳಿದಳು. ಅಧಿಕಾರಿ ಫೋನನ್ನು ಜೇಬಿಗೆ ಹಾಕಿಕೊಂಡರು. ವಾಪಸು ಬರುವಾಗ ರಸ್ತೆಯಲ್ಲಿ ಆನೆಯ ಹಸಿ ಲದ್ದಿ ಬಿದ್ದಿತ್ತು, ಇನ್ನೂ ಹಬೆಯಾಡುತ್ತಿತ್ತು. ದೊಡ್ಡ ಶಾಲೆಗೆ ದಾರಿ ಯಾವುದು ಎಂದರು. ಇದೇ ಸಾರ್, ಇನ್ನೂ ನಾಲ್ಕು ಕಿಲೋಮೀಟರ್, ಎಂದೆ. ಮಕ್ಕಳು ಯಾವುದರಲ್ಲಿ ಹೋಗುತ್ತಾರೆ ಎಂದರು. ಕಾಲಿನಲ್ಲಿ, ಎಂದೆ. ಅವರ ನಡಿಗೆ ಜೋರಾಯಿತು.

ನನ್ನ ಮೇಜಿನ ಮುಂದೆ ಕೂತು ವರದಿ ಬರೆದರು, ಕೈಬರಹದಲ್ಲಿ. ದಾಖಲಾತಿ ಹನ್ನೊಂದು. ಹಾಜರಿದ್ದವರು ಒಂಬತ್ತು, ಹತ್ತನೆಯ ಹಸಿರು ತಂತ್ರಾಂಶದ ದೋಷ. ಇಬ್ಬರಿಗೆ ಅನಾರೋಗ್ಯ, ಖುದ್ದು ನೋಡಿದ್ದೇನೆ. ದಾರಿಯನ್ನೂ ಖುದ್ದು ನೋಡಿದ್ದೇನೆ, ಸೇರಿಸುವುದು ಸೂಕ್ತವಲ್ಲ. ಕೆಳಗೆ ಸಮುದಾಯದ ಸಹಭಾಗಿತ್ವ ಎಂಬ ಅಂಕಣವಿತ್ತು. ಅಲ್ಲಿ ಪೆನ್ನು ಹಿಡಿದು ಒಂದಷ್ಟು ಹೊತ್ತು ದುಂಡು ಮೇಜಿನ ಕಡೆ ನೋಡಿ, ಅತ್ಯುತ್ತಮ ಎಂದು ಬರೆದರು.

ಸೇರಿಸುವ ಶಾಲೆಗಳ ಪಟ್ಟಿ ಹೊರಬಿದ್ದಾಗ ನಮ್ಮ ಶಾಲೆ ಅದರಲ್ಲಿ ಇರಲಿಲ್ಲ. ಟೀಚರ್ ಈಗ ಅಲ್ಲಿ ಮುಖ್ಯ ಶಿಕ್ಷಕಿ. ಹುಡುಗಿ ಐದನೇ ತರಗತಿಯಲ್ಲಿದ್ದಾಳೆ.

ಆ ದಿನದ್ದು ಇನ್ನೊಂದು ಉಳಿಯಿತು. ಜೀಪು ಹೋದ ಮೇಲೆ ಚಿಕ್ಕಪ್ಪ ಸ್ಲೇಟು ಬಿಟ್ಟು ಟ್ರಾಕ್ಟರಿಗೆ ಓಡಿದರು. ಅಜ್ಜಿ ಏಳಲಿಲ್ಲ. ಎಲ್ಲ ಮುಗಿಯಿತು, ಅವರು ಹೋದರು, ನೀವು ಮೊಮ್ಮಗಳ ಹತ್ತಿರ ಹೋಗಿ ಎಂದೆ. ಪಕ್ಕದ ಮನೆಯವಳನ್ನು ಕೂರಿಸಿ ಬಂದಿದ್ದೀನಿ ಎಂದರು. ಮತ್ತೇನು ಎಂದೆ. ಅವರು ನನ್ನನ್ನು, ಕೆಲಸಕ್ಕೆ ಹೊಸದಾಗಿ ಸೇರಿದವನನ್ನು ರೈಟರ್ ನೋಡುವ ಹಾಗೆ ನೋಡಿದರು.

"ಹಾಜರಿ ಬಿದ್ದ ಮೇಲೆ ನಡುವೆ ಎದ್ದು ಹೋದ್ರೆ ಅರ್ಧ ದಿನ ಬರೀತಾರೆ ಮೇಷ್ಟ್ರೇ. ಮಗೂಗೆ ಅರ್ಧ ದಿನ ಬೇಡ."

ನಾಲ್ಕು ಗಂಟೆಯ ಬೆಲ್ ಹೊಡೆಯುವವರೆಗೆ ಕೂತಿದ್ದರು. ಎರಡರ ಮಗ್ಗಿಯನ್ನು ಎಲ್ಲರ ಜೊತೆ ಹೇಳಿದರು. ಸ್ಲೇಟಿನಲ್ಲಿ ಟೀಚರ್ ಬರೆದುಕೊಟ್ಟ ಅ ಅಕ್ಷರದ ಮೇಲೆ ಒಂದು ಬಳಪ ಪೂರ್ತಿ ತಿದ್ದಿ ಸವೆಸಿದರು. ಹೋಗುವಾಗ ಬಾಗಿಲಲ್ಲಿ ನಿಂತು, ನಾಳೆಗೆ ಮೊಮ್ಮಗಳಿಗೆ ಏನು ಬರೆದುಕೊಂಡು ಬರಲು ಹೇಳಿದ್ದೀರಿ ಎಂದು ಕೇಳಿದರು. ಮೂವತ್ತನಾಲ್ಕು ವರ್ಷದ ಸರ್ವಿಸ್ಸಿನಲ್ಲಿ ಹೋಮ್‌ವರ್ಕನ್ನು ತಾವಾಗಿ ಕೇಳಿದ ವಿದ್ಯಾರ್ಥಿ ನನಗೆ ಸಿಕ್ಕಿದ್ದು ಅವರೊಬ್ಬರೇ, ಅದೂ ಬದಲಿಗೆ ಬಂದವರು.